ಹಳೆಯ ಐಷಾರಾಮಿ ಕಾರು: ಓಡಿದ ದೂರ ದಾಖಲಾಗಲಿ

ಮಾನ್ಯ ಸಂಪಾದಕರೇ,

ಹತ್ತು ಹನ್ನೆರಡು ವರ್ಷ ಬಳಸಿದ ಮರ್ಸಿಡಿಸ್, ಬಿಎಂಡಬ್ಲ್ಯು, ಔಡಿ ಕಾರುಗಳು ಈಗ ಹೊಸ ಸಣ್ಣ ಕಾರಿನ ಬೆಲೆಗೆ ಬೆಂಗಳೂರಿನಲ್ಲಿ ಸಿಗುತ್ತಿವೆ. ಇಂಥ ಕಾರು ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಓಡಿದೆ ಎಂದು. ಬೆಲೆಯೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುವುದರಿಂದ ಮೀಟರ್ ತಿರುಗಿಸಿ ಓಡಿದ ದೂರವನ್ನು ಕಡಿಮೆ ತೋರಿಸುವ ದಂಧೆಗೆ ದಾರಿಯಾಗಿದೆ. ಹೆಚ್ಚು ಓಡಿದ್ದನ್ನೇ ದೋಷವೆಂದು ಎಣಿಸುವುದನ್ನು ಕೊಳ್ಳುವವರು ಬಿಡಬೇಕು, ಓಡಿದ್ದೆಷ್ಟು ಎಂಬುದನ್ನು ಸರ್ಕಾರ ದಾಖಲಿಸಬೇಕು ಎಂಬುದು ನನ್ನ ವಿನಂತಿ.

ಪುಣೆಯಲ್ಲಿ ಟೆಲ್ಕೋ (ಇಂದಿನ ಟಾಟಾ ಮೋಟರ್ಸ್) ಸಹಯೋಗದಲ್ಲಿ 1995ರಿಂದ ಜೋಡಣೆಯಾದ ಡಬ್ಲ್ಯು-124 ಮಾದರಿಯ ಮರ್ಸಿಡಿಸ್ ಇ-ಕ್ಲಾಸ್ ಕಾರುಗಳನ್ನೇ ನೋಡಿ. ಅವುಗಳ ಐದು ಸಿಲಿಂಡರಿನ ಡೀಸೆಲ್ ಎಂಜಿನ್, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದರೆ, ಹಲವು ಲಕ್ಷ ಕಿಲೋಮೀಟರ್ ಓಡಿದರೂ ಬಿಚ್ಚುವ ಪ್ರಮೇಯ ಬರುವುದಿಲ್ಲ. ಆದರೆ ಅದೇ ಕಾಲದ ಕೆಲವು ಪೆಟ್ರೋಲ್ ಮಾದರಿಗಳಲ್ಲಿ ಎಂಜಿನ್ ವೈರಿಂಗಿನ ಹೊದಿಕೆ ಕಾವಿಗೂ ವಯಸ್ಸಿಗೂ ಒಣಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಕಾರು ಕಡಿಮೆ ಓಡಿದೆ ಎಂಬ ಕಾರಣಕ್ಕೆ ಅದು ಉಳಿಯುವುದಿಲ್ಲ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ ಮರ್ಸಿಡಿಸ್ 240ಡಿ ಕಾರನ್ನು, ಎಂಜಿನ್‌ಗಳನ್ನು ಬದಲಿಸುತ್ತ, ಸುಮಾರು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಮರ್ಸಿಡಿಸ್ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಎಂಜಿನ್ ಹೆಚ್ಚು ಸವೆಯುವುದು ಅದು ತಣ್ಣಗಿರುವಾಗ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ. ಆದ್ದರಿಂದ ಹೆದ್ದಾರಿಯಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರು, ಮನೆಯಿಂದ ಕ್ಲಬ್ಬಿಗೆ ಹೋಗಿ ಬಂದು ಉಳಿದ ದಿನವೆಲ್ಲ ಶೆಡ್ಡಿನಲ್ಲಿ ನಿಂತು ಆಯಿಲ್ ಸೀಲುಗಳು ಗಡುಸಾದ ಕಾರಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ.

ಕೊಳ್ಳುವವರು ಮರೆಯುವ ಇನ್ನೊಂದು ಸಂಗತಿಯಿದೆ. ಐವತ್ತು ಲಕ್ಷದ ಕಾರು ಎಂಟು ಲಕ್ಷಕ್ಕೆ ಸಿಕ್ಕರೂ ಅದರ ಬಿಡಿಭಾಗಗಳು ಐವತ್ತು ಲಕ್ಷದ ಕಾರಿನವೇ. ಏರ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗಿನ ಬದಲು ಕಾರನ್ನು ಹೊರುವ ಗಾಳಿಚೀಲಗಳಲ್ಲಿ (ಬೆಲೋಸ್) ಒಂದು ಸೋರುತ್ತಿದ್ದರೆ ಅದನ್ನು ತುಂಬಿಸಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ, ಒಂದು ಖರ್ಚು ಎರಡಾಗುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕಾರಿನ ಆಯುಷ್ಯಪೂರ್ತಿ ಬರುತ್ತದೆಂದು ಹಲವರು ನಂಬಿದ್ದಾರೆ. ಆದರೆ ಹಲವು ಜರ್ಮನ್ ಕಾರುಗಳಿಗೆ ಗೇರ್‌ಬಾಕ್ಸ್ ಒದಗಿಸುವ ಝಡ್‌ಎಫ್ ಕಂಪನಿಯೇ ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಆಯಿಲ್ ಬದಲಿಸಲು ಹೇಳುತ್ತದೆ. ರಬ್ಬರ್ ಬುಷ್‌ಗಳು, ಕೂಲಂಟ್ ಪೈಪುಗಳು, ಪ್ಲಾಸ್ಟಿಕ್ ಟ್ಯಾಂಕು ಇವೆಲ್ಲ ವರ್ಷ ಕಳೆದಂತೆ ಹಾಳಾಗುವ ವಸ್ತುಗಳು; ಇವನ್ನು ಕೆಡುವ ಮೊದಲೇ ಬದಲಿಸುವುದು ಉಳಿತಾಯವೇ ಸರಿ. ಕಾರು ಕಂಪನಿಗೆ ಭಾಗಗಳನ್ನು ಒದಗಿಸುವ ಲೆಮ್‌ಫರ್ಡರ್, ಬಾಷ್, ಮಾಲೆ ಮುಂತಾದವರದೇ ಸರಕು ಅವರ ಸ್ವಂತ ಡಬ್ಬಿಯಲ್ಲಿ ಸಾಮಾನ್ಯವಾಗಿ ಕಡಿಮೆ ಬೆಲೆಗೆ ದೊರೆಯುತ್ತದೆ. ಶಿವಾಜಿನಗರದ ಗುಜರಿಯಿಂದ ಬಾಗಿಲ ಹಿಡಿಕೆ, ದೀಪದ ಗಾಜು ತರಬಹುದು, ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಖಂಡಿತ ತರಬಾರದು.

ಹದಿನೈದು ವರ್ಷದ ನಂತರ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ದೆಹಲಿಯಲ್ಲಿ ಹಳೆಯ ವಾಹನಗಳ ಮೇಲಿನ ನಿರ್ಬಂಧದಿಂದಾಗಿ ಅಗ್ಗವಾದ ಕಾರನ್ನು ತರಿಸುವವರು, ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆಯನ್ನು ಕೊಂಡ ಬೆಲೆಯ ಮೇಲಲ್ಲದೆ ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಇಷ್ಟೆಲ್ಲ ಶುಲ್ಕ ಪಡೆಯುವ ಸರ್ಕಾರ, ಕೊಳ್ಳುವವರಿಗೆ ಒಂದು ರಕ್ಷಣೆಯನ್ನಾದರೂ ಕೊಡಬೇಡವೇ? ಬೆಲ್ಜಿಯಂನಲ್ಲಿ ಗ್ಯಾರೇಜುಗಳು ಕೆಲಸಕ್ಕೆ ಬಂದ ಕಾರಿನ ಮೀಟರ್ ಅಂಕಿಯನ್ನು ಕಡ್ಡಾಯವಾಗಿ ವರದಿ ಮಾಡುತ್ತವೆ, ಮತ್ತು 2006ರಿಂದ ‘ಕಾರ್-ಪಾಸ್’ ಎಂಬ ಪತ್ರವಿಲ್ಲದೆ ಬಳಸಿದ ಕಾರನ್ನು ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯಲ್ಲಿ ದಾಖಲಾದ ಅಂಕಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನಮ್ಮಲ್ಲಿ ವಾಯುಮಾಲಿನ್ಯ ತಪಾಸಣಾ ಕೇಂದ್ರದವರು ಈಗಾಗಲೇ ವಾಹನದ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತಾರೆ. ಜೊತೆಗೆ ಮೀಟರಿನ ಚಿತ್ರವನ್ನೂ ತೆಗೆದು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣಕ್ಕೆ ಸೇರಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ವರ್ಷ ವರ್ಷದ ಲೆಕ್ಕ ಸಿದ್ಧವಾಗುತ್ತದೆ, ಎರಡು ಲಕ್ಷ ಓಡಿದ ಕಾರನ್ನು ಅಕ್ಕರೆಯಿಂದ ಕಾಪಾಡಿದ ಪ್ರಾಮಾಣಿಕ ಮಾಲೀಕರಿಗೂ ನ್ಯಾಯವಾದ ಬೆಲೆ ಸಿಗುತ್ತದೆ. ರಾಜ್ಯದ ಸಾರಿಗೆ ಇಲಾಖೆ ಇದನ್ನು ಮೊದಲು ಬೆಂಗಳೂರಿನ ಕೇಂದ್ರಗಳಲ್ಲಿ ಜಾರಿಗೆ ತರಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು