ಬಂಕಿನವನ ‘ಮೂವತ್ತೈದು’

ಅಂಬಲಪಾಡಿ, ಉಡುಪಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಕಾರು ತೆಗೆದುಕೊಂಡದ್ದು ಕೇಳಿ ಖುಷಿಯಾಯಿತು. ಸೆಕೆಂಡ್ ಹ್ಯಾಂಡ್ ಆದರೆ ಎಂತ ಆಯಿತು, ಗಾಡಿ ಚೆನ್ನಾಗಿದ್ದರೆ ಸಾಕು. ನಿನ್ನಪ್ಪ ಫೋನಿನಲ್ಲಿ ಇಂಜಿನ್, ಎಸಿ, ಸೀಟ್ ಕವರ್ ಎಲ್ಲದರ ವರದಿ ಒಪ್ಪಿಸಿದ. ಟಯರಿನ ಗಾಳಿ ನೋಡಿದ್ರಾ ಅಂತ ಕೇಳಿದ್ದಕ್ಕೆ ಮಾತ್ರ, “ಅದು ಬಂಕಿನಲ್ಲಿ ಹಾಕ್ತಾರಲ್ಲ ಅಣ್ಣ” ಅಂದ. ಅದಕ್ಕೇ ಈ ಕಾಗದ. ದಿನಾ ಮಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿ ಬರುವವಳು ನೀನು, ಅವನಲ್ಲ.

ಬಂಕಿನ ಹುಡುಗ ಪೈಪ್ ಎಳೆದುಕೊಂಡು ಬಂದು, “ಅಕ್ಕ, ಮೂವತ್ತೈದು ಹಾಕ್ಲಾ?” ಅಂತ ಕೇಳುತ್ತಾನೆ. ಆಲ್ಟೋ ಬರಲಿ, ಇನ್ನೋವಾ ಬರಲಿ, ಅವನದು ಅದೇ ಲೆಕ್ಕ. ಅವನಿಗೆ ಬೈದು ಪ್ರಯೋಜನ ಇಲ್ಲ. ದಿನಕ್ಕೆ ಅಷ್ಟು ಗಾಡಿ ಬರುವಾಗ ಅವನು ಯಾವುದರದ್ದು ಅಂತ ನೆನಪಿಡುವುದು? ನಿನ್ನ ಗಾಡಿಗೆ ಎಷ್ಟು ಅಂತ ನೀನೇ ಹೇಳಬೇಕು, ಹೇಳಲಿಕ್ಕೆ ನಿನಗೆ ಗೊತ್ತಿರಬೇಕು.

ಡ್ರೈವರ್ ಬಾಗಿಲು ತೆರೆದು ಕಂಬದ ಮೇಲೆ ನೋಡು, ಲಾಕ್ ಕಚ್ಚುವ ಜಾಗದ ಆಸುಪಾಸಿನಲ್ಲಿ ಒಂದು ಸ್ಟಿಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಗೆ ಅಂಟಿಸಿರುತ್ತಾರೆ. ಹಳೇ ಓನರ್ ತೊಳೆದು ತೊಳೆದು ಅಕ್ಷರ ಅಳಿಸಿದ್ದರೆ ಕಂಪನಿಯ ಪುಸ್ತಕದಲ್ಲಿ ಸಿಗುತ್ತದೆ. ಸಣ್ಣ ಸಣ್ಣ ಮನುಷ್ಯರ ಚಿತ್ರ ಹಾಕಿ, ಕಡಿಮೆ ಜನಕ್ಕೆ ಒಂದು ಲೆಕ್ಕ, ಗಾಡಿ ತುಂಬ ಜನ ಮತ್ತು ಲಗೇಜಿಗೆ ಇನ್ನೊಂದು ಲೆಕ್ಕ ಕೊಟ್ಟಿರುತ್ತಾರೆ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಇರುವುದೂ ಉಂಟು. ಬಂಕಿನವನ ಮೂವತ್ತೈದು ಪಿಎಸ್‌ಐ ಲೆಕ್ಕದ್ದು, ಗಾಳಿಯ ಒತ್ತಡದ ಅಳತೆ ಅದು; ನಾನು ಪಾಯಿಂಟ್ ಅನ್ನುವುದೂ ಅದನ್ನೇ. ಸ್ಟಿಕರಿನಲ್ಲಿ ಅದನ್ನು ಬಿಟ್ಟು ಕಿಲೋಪಾಸ್ಕಲ್ ಮಾತ್ರ ಬರೆದಿದ್ದರೆ ಏಳರಿಂದ ಭಾಗಿಸು, ಹತ್ತಿರ ಹತ್ತಿರ ಸರಿಯಾಗುತ್ತದೆ: 230 ಅಂತ ಇದ್ದರೆ 33. ಟಯರಿನ ಅಳತೆಯೂ ಅಲ್ಲೇ ಇರುತ್ತದೆ. ಹಳೇ ಓನರ್ ಶೋಕಿಗೆ ಅಗಲದ ಟಯರ್ ಹಾಕಿಸಿದ್ದಾನೋ ಅಂತ ಒಮ್ಮೆ ತಾಳೆ ನೋಡಿಕೋ.

ಟಯರಿನ ಮೈಮೇಲೆಯೇ 44, 51 ಅಂತ ಒಂದು ಸಂಖ್ಯೆ ಇರುತ್ತದೆ. ಅದು ಆ ಟಯರ್ ತಾಳುವ ಗರಿಷ್ಠ ಗಾಳಿ. ಅಷ್ಟು ಹಾಕಬೇಕು ಅಂತ ಅದರ ಅರ್ಥ ಅಲ್ಲ ಮಾರಾಯ್ತಿ, ಅದನ್ನು ನೋಡಿ ಗಾಳಿ ತುಂಬಿಸಿದವರೂ ಇದ್ದಾರೆ.

ಇನ್ನು ನೋಡುವ ಹೊತ್ತು. ಸ್ಟಿಕರಿನ ಲೆಕ್ಕ ತಣ್ಣಗಿನ ಟಯರಿನದ್ದು. ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು. ಬೆಳಿಗ್ಗೆ ಅಂಗಳದಲ್ಲಿ, ಬಿಸಿಲು ಒಂದು ಬದಿಯ ಚಕ್ರಕ್ಕೆ ಬೀಳುವ ಮೊದಲು ನೋಡುವುದು ಒಳ್ಳೆಯದು. ನೀನು ಸುರತ್ಕಲ್ ದಾಟಿ ಬಂಕಿಗೆ ನುಗ್ಗಿದರೆ ಟಯರ್ ಬಿಸಿಯಾಗಿ ಗಾಳಿ ಮೂರು–ನಾಲ್ಕು ಪಾಯಿಂಟ್ ಏರಿರುತ್ತದೆ. ಅವನ ಮೀಟರಿನಲ್ಲಿ 33 ಕಂಡರೆ ಸರಿ ಉಂಟು ಅಂತ ನೀನು ಹೊರಡುತ್ತಿ. ಮರುದಿನ ಬೆಳಿಗ್ಗೆ ನೋಡಿದರೆ 29. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದು: ಬಿಸಿಯಲ್ಲಿ 37 ತೋರಿಸಿತು ಅಂತ ನಾಲ್ಕು ಪಾಯಿಂಟ್ ಬಿಡಿಸುವುದು. ಬಿಸಿ ಟಯರಿನಿಂದ ಗಾಳಿ ತೆಗೆಸಲೇಬೇಡ.

ಹಾಗಾಗಿ ಗಾಳಿ ಅಳೆಯುವ ಗೇಜ್ ನಿನ್ನದೇ ಒಂದು ತೆಗೆದುಕೋ. ನಾಲ್ಕು ಜನ ಹೋಟೆಲಿಗೆ ಹೋದರೆ ಆಗುವ ಬಿಲ್ಲಿನೊಳಗೆ ಬರುತ್ತದೆ. ವಾಲ್ವಿನ ಮೇಲೆ ನೇರ ಒತ್ತಬೇಕು. ಓರೆಯಾದರೆ ಟುಸ್ ಅಂತ ಗಾಳಿ ಹೋಗುತ್ತದೆ, ಲೆಕ್ಕ ಕಮ್ಮಿ ತೋರಿಸುತ್ತದೆ. ಎರಡು ಸಲ ಒತ್ತಿ ನೋಡು. ಬೆಳಿಗ್ಗೆ ಒಂದು ಚಕ್ರದಲ್ಲಿ 29 ಸಿಕ್ಕಿತು, ಬೇಕಾದ್ದು 33 ಅಂತ ಇಟ್ಟುಕೋ. ಕೊರತೆ ನಾಲ್ಕು. ಬಂಕಿಗೆ ಹೋಗುವಾಗ ಅದೇ ಚಕ್ರ ಬಿಸಿಯಾಗಿ 31 ತೋರಿಸಿದರೆ, ಅವನಿಗೆ 33 ಅಂತ ಹೇಳಬೇಡ, 35 ಅಂತ ಹೇಳು. ಕಂಡ ಲೆಕ್ಕಕ್ಕೆ ಕೊರತೆಯನ್ನು ಸೇರಿಸುವುದು, ಅಷ್ಟೇ. ಆ ದಿನ ಬಂಕಿನವನ ಮೂವತ್ತೈದೇ ಸರಿಯಾಗುತ್ತದೆ, ಆದರೆ ನಿನ್ನ ಲೆಕ್ಕದಿಂದ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ ಹೆಚ್ಚುಕಮ್ಮಿ ಸರಿಮಾಡಿಕೋ.

ಏನೂ ತೊಂದರೆ ಇಲ್ಲದ ಟಯರ್ ಕೂಡ ತಿಂಗಳಿಗೆ ಒಂದು ಪಾಯಿಂಟ್, ಕೆಲವೊಮ್ಮೆ ಎರಡು ಇಳಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ನೋಡಲೇಬೇಕು, ನಿನ್ನಷ್ಟು ಓಡಿಸುವವರು ಹದಿನೈದು ದಿನಕ್ಕೊಮ್ಮೆ. ಒಂದೇ ಚಕ್ರ ಉಳಿದವಕ್ಕಿಂತ ಬೇಗ ಇಳಿಯುತ್ತಿದ್ದರೆ ಗಾಳಿ ಹಾಕಿಸುತ್ತಾ ದಿನ ದೂಡಬೇಡ. ಟ್ಯೂಬ್‌ಲೆಸ್ ಟಯರಿನಲ್ಲಿ ಮೊಳೆ ಕೂತಿದ್ದರೂ ವಾರಗಟ್ಟಲೆ ಗೊತ್ತಾಗುವುದಿಲ್ಲ. ವಾಲ್ವಿನ ಬಾಯಿಗೆ ಸೋಪು ನೀರು ಹಚ್ಚು, ಗುಳ್ಳೆ ಬಂದರೆ ಅಲ್ಲೇ ಲೀಕು. ಅಲ್ಲಿ ಇಲ್ಲದಿದ್ದರೆ ಪಂಕ್ಚರ್ ಅಂಗಡಿ. ವಾಲ್ವಿಗೆ ಪ್ಲಾಸ್ಟಿಕ್ ಕ್ಯಾಪೇ ಇರಲಿ; ಹೊಳೆಯುವ ಅಲ್ಯೂಮಿನಿಯಂ ಕ್ಯಾಪು ನಮ್ಮ ಕಡಲಿನ ಉಪ್ಪುಗಾಳಿಗೆ ಹಿತ್ತಾಳೆಯ ವಾಲ್ವಿಗೆ ಕಚ್ಚಿಕೊಂಡರೆ ತೆಗೆಯುವುದು ಬಿಡು, ವಾಲ್ವೇ ಮುರಿದು ಬರುತ್ತದೆ.

ಬೇಸಿಗೆಯಲ್ಲಿ ಟಯರ್ ಒಡೆಯುತ್ತದೆ, ಗಾಳಿ ಕಮ್ಮಿ ಇರಲಿ ಅಂತ ನಿನಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದು ಉಲ್ಟಾ. ಗಾಳಿ ಕಮ್ಮಿಯಾದಷ್ಟು ಟಯರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟು ಒಳಗಿಂದ ಬಿಸಿಯಾಗುತ್ತದೆ. ಹೆದ್ದಾರಿಯ ಸ್ಪೀಡಿನಲ್ಲಿ ಒಡೆಯುವುದು ಆ ಬಿಸಿಗೆ. ಮಳೆಗಾಲದಲ್ಲಿ ಗ್ರಿಪ್ ಸಿಗಲಿ ಅಂತ ಇಳಿಸುವವರದ್ದೂ ಅದೇ ಕಥೆ. ಗಾಳಿ ಕಮ್ಮಿಯಾದರೆ ಟಯರಿನ ನಡುಭಾಗ ನೆಲಕ್ಕೆ ಸರಿಯಾಗಿ ಒತ್ತುವುದಿಲ್ಲ, ನೀರು ಹೊರಗೆ ತಳ್ಳುವ ಗೆರೆಗಳು ಮುಚ್ಚಿಕೊಳ್ಳುತ್ತವೆ. ಆಷಾಢದ ಮಳೆಗೆ ಪಡುಬಿದ್ರಿ, ಹೆಜಮಾಡಿ ಹತ್ತಿರ ರಸ್ತೆ ಮೇಲೆ ನೀರು ನಿಂತಾಗ ಗಾಡಿ ತೇಲಿದ ಹಾಗೆ ಆಗಿ ಸ್ಟೇರಿಂಗ್ ಹಗುರಾಗುವುದು ಹೀಗೆಯೇ. ಜಾಸ್ತಿ ಹಾಕಿದರೂ ಆಗುವುದಿಲ್ಲ, ನಡುಭಾಗ ಮಾತ್ರ ಸವೆದು ಬ್ರೇಕ್ ಹಿಡಿಯುವಾಗ ಜಾರುತ್ತದೆ. ಅಂಚುಗಳು ಮಾತ್ರ ಸವೆದಿದ್ದರೆ ಹಳೇ ಓನರ್ ಗಾಳಿ ಕಮ್ಮಿಯಲ್ಲಿ ಓಡಿಸಿದ್ದಾನೆ ಅಂತ ತಿಳಿ.

ಟಯರಿಗೆ ಮಾಮೂಲಿ ಗಾಳಿಯ ಬದಲು ನೈಟ್ರೋಜನ್ ಹಾಕಿಸಬೇಕಾ ಅಂತ ಕೇಳಿದ್ದಿ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ. ಪುಕ್ಕಟೆ ಸಿಕ್ಕಿದರೆ ಹಾಕಿಸು.

ಮುಂದಿನ ವಾರ ಎಲ್ಲರೂ ಸೇರಿ ಆಗುಂಬೆ ಮೇಲಿಂದ ಶೃಂಗೇರಿಗೆ ಹೊರಟಿದ್ದೀರಂತೆ. ಐದು ಜನ, ಮೇಲೆ ನಿನ್ನಮ್ಮನ ಬುತ್ತಿಯ ಡಬ್ಬಗಳು. ಹೊರಡುವ ದಿನ ಬೆಳಿಗ್ಗೆ ಸ್ಟಿಕರಿನ ಎರಡನೆಯ ಲೆಕ್ಕಕ್ಕೆ ಹಾಕಿಸಿ, ವಾಪಸು ಬಂದ ಮೇಲೆ ಮೊದಲಿನದಕ್ಕೆ ಇಳಿಸು. ಹೆಬ್ರಿಯಲ್ಲಿ ಚಾ ಕುಡಿಯಲು ನಿಂತಾಗ ಗೇಜ್ ತೆಗೆದು ಗಾಬರಿಯಾಗಬೇಡ, ಏರಿಯೇ ಇರುತ್ತದೆ. ಸ್ಟೆಪ್ನಿಯನ್ನು ಯಾರೂ ನೋಡುವುದಿಲ್ಲ. ಡಿಕ್ಕಿಯಲ್ಲಿ ಸಣ್ಣ ಸಪೂರದ ಚಕ್ರ ಇದ್ದರೆ ಅದಕ್ಕೆ ಸಾಮಾನ್ಯವಾಗಿ 60 ಬೇಕು, ಅದರ ಮೈಮೇಲೇ ಬರೆದಿರುತ್ತದೆ. ಹಿಂದಿನ ದಿನವೇ ನೋಡಿಡು; ಡಬ್ಬಗಳನ್ನೆಲ್ಲ ಇಟ್ಟ ಮೇಲೆ ಅದು ಅಡಿಗೆ ಹೋಗುತ್ತದೆ.

ಇತಿ,
ನಿನ್ನ ದೊಡ್ಡಪ್ಪ