ಉಯ್ಯಾಲೆ ಹಡಗು ಹತ್ತುವ ಮುನ್ನ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದ ಮಕ್ಕಳ ಗೃಹಪ್ರವೇಶಕ್ಕೆ ತೇಗದ ಉಯ್ಯಾಲೆಯೊಂದನ್ನು ಕಳಿಸಬೇಕೆಂದು ಆಸೆಪಡುವ ತಂದೆತಾಯಿ ನಮ್ಮಲ್ಲಿ ಬಹಳ ಮಂದಿ. ‘ಶಿಪ್ಪಿಂಗ್ ನಾವೇ ನೋಡಿಕೊಳ್ಳುತ್ತೇವೆ, ಹೆಚ್ಚೇನೂ ಆಗೋದಿಲ್ಲ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಎರಡು ತಿಂಗಳು ಕಳೆದ ಮೇಲೆ ಅಲ್ಲಿ ಮಗಳ ಕೈಗೆ ಬರುವ ಬಿಲ್ಲು ಕೆಲವೊಮ್ಮೆ ಉಯ್ಯಾಲೆಯ ಬೆಲೆಯನ್ನೇ ದಾಟಿರುತ್ತದೆ. ಇದು ತಪ್ಪಿಸಬಹುದಾದ ನಷ್ಟ. ಹಡಗಿನ ಬಾಡಿಗೆ ಈ ಲೆಕ್ಕದಲ್ಲಿ ಸಣ್ಣ ಪಾಲು. ದುಡ್ಡು ಹೋಗುವುದು ಪೆಟ್ಟಿಗೆಯ ಅಳತೆಗೆ ಮತ್ತು ಆಚೆ ದಡದ ಗೋದಾಮಿಗೆ. ಎರಡನ್ನೂ ಹಣ ಕಟ್ಟುವ ಮೊದಲೇ ಹಿಡಿತಕ್ಕೆ ತಂದುಕೊಳ್ಳಬಹುದು.

ಒಂದೇ ಸಾಮಾನು ಕಳಿಸುವವರಿಗೆ ಇಡೀ ಕಂಟೇನರ್ ಬೇಕಿಲ್ಲ. ಹತ್ತಾರು ಜನರ ಸರಕನ್ನು ಒಟ್ಟಿಗೆ ತುಂಬಿ ಕಳಿಸುವ ಪದ್ಧತಿ ಇದೆ, ಅದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ಇಲ್ಲಿ ಬಾಡಿಗೆ ಘನ ಮೀಟರಿಗೆ ಇಷ್ಟು ಅಥವಾ ಟನ್ನಿಗೆ ಇಷ್ಟು, ಯಾವುದು ಹೆಚ್ಚು ಬರುತ್ತದೋ ಅದು. ಮರದ ಸಾಮಾನಿಗೆ ಯಾವಾಗಲೂ ಗಾತ್ರದ ಲೆಕ್ಕವೇ ಬೀಳುತ್ತದೆ. ಸ್ಟ್ಯಾಂಡ್ ಸಮೇತ ಜೋಡಿಸಿ ನಿಲ್ಲಿಸಿದ ಉಯ್ಯಾಲೆ 180 ಸೆಂ.ಮೀ. ಅಗಲ, 120 ಸೆಂ.ಮೀ. ಆಳ, 210 ಸೆಂ.ಮೀ. ಎತ್ತರ ಇದೆ ಎನ್ನಿ. ಗುಣಿಸಿದರೆ ನಾಲ್ಕೂವರೆ ಘನ ಮೀಟರ್. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಗಾಳಿ. ಅದನ್ನೇ ಬಿಚ್ಚಿ, ಕಂಬಗಳನ್ನು ಉದ್ದಕ್ಕೆ ಮಲಗಿಸಿ, ಮೇಲೆ ಹಲಗೆ ಇಟ್ಟರೆ ಪೆಟ್ಟಿಗೆ 220 × 70 × 40 ಸೆಂ.ಮೀ. ಆಗುತ್ತದೆ, ಅಂದರೆ 0.62 ಘನ ಮೀಟರ್. ಅದೇ ಮರ, ಅದೇ ಸರಪಳಿ, ಬಾಡಿಗೆ ಮಾತ್ರ ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ಒಂದು ಘನ ಮೀಟರಿಗಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಪೂರಾ ಒಂದಕ್ಕೇ ಹಣ ತೆಗೆದುಕೊಳ್ಳುತ್ತಾರೆ. ಹಾಗಾಗಿ ಉಳಿದ ಜಾಗದಲ್ಲಿ ಹಿತ್ತಾಳೆ ದೀಪ, ಪುಸ್ತಕ, ಪಾತ್ರೆಗಳ ಇನ್ನೊಂದು ಪೆಟ್ಟಿಗೆ ಹೋಗಲಿ. ಉಪ್ಪಿನಕಾಯಿ, ಹಪ್ಪಳ, ಸಾರಿನಪುಡಿ ಮಾತ್ರ ಬೇಡ. ಒಂದು ಡಬ್ಬಿಗಾಗಿ ಇಡೀ ಸರಕನ್ನು ಬಿಚ್ಚಿಸಿ ತಪಾಸಣೆ ಮಾಡುತ್ತಾರೆ, ಅದರ ಖರ್ಚು ನಿಮ್ಮದೇ.

ವಿಮಾನದಲ್ಲಿ ಕಳಿಸಿದರೂ ಗಾತ್ರದ ಕಾಟ ತಪ್ಪುವುದಿಲ್ಲ. ಸೆಂ.ಮೀ. ಲೆಕ್ಕದ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿದಾಗ ಬರುವ ಕಿಲೋ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದೇ ತೂಕವೆಂದು ಹಿಡಿಯುತ್ತಾರೆ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ. ಮೇಲಿನ ಉಯ್ಯಾಲೆಯ ನಿಜ ತೂಕ 90 ಕಿಲೋ ಇದ್ದರೂ ಜೋಡಿಸಿ ಕಳಿಸಿದರೆ 756 ಕಿಲೋಗೆ, ಕೊರಿಯರ್‌ನಲ್ಲಾದರೆ 907 ಕಿಲೋಗೆ ಹಣ ಕಟ್ಟಬೇಕು. ಬಿಚ್ಚಿದ ಪೆಟ್ಟಿಗೆಗೆ ಇದೇ ಲೆಕ್ಕ ಕ್ರಮವಾಗಿ 103 ಮತ್ತು 123 ಕಿಲೋ. ಅಂಚೆಯಲ್ಲಿ ಒಂದು ಪಾರ್ಸೆಲ್‌ನ ಮಿತಿ ದೇಶವನ್ನು ಅವಲಂಬಿಸಿ ಹೆಚ್ಚಾಗಿ 20 ಅಥವಾ 30 ಕಿಲೋ. ಸರಪಳಿಯನ್ನಷ್ಟೇ ಕಳಿಸುವವರಿಗೆ ಅದು ಒಳ್ಳೆಯ ದಾರಿ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಬಡಗಿಯ ಹತ್ತಿರ. ‘ಇದು ಹೊರದೇಶಕ್ಕೆ ಹೋಗುತ್ತದೆ, ಎಲ್ಲ ಕೀಲೂ ನಟ್ಟು-ಬೋಲ್ಟಿನದೇ ಇರಲಿ’ ಎಂದು ಮುಂಗಡ ಕೊಡುವಾಗಲೇ ಹೇಳಿ. ಅಂಟು ಹಾಕಿ ಕೂಡಿಸಿದ ಚೌಕಟ್ಟನ್ನು ಆಮೇಲೆ ಬಿಚ್ಚಲು ಹೋದರೆ ಮರ ಸೀಳುತ್ತದೆ. ಪ್ರತಿ ಕೀಲಿಗೂ ಎರಡು ಬದಿಯಲ್ಲಿ ಒಂದೇ ನಂಬರ್ ಕೆತ್ತಿಸಿ. ಪೆನ್ಸಿಲ್ ಗುರುತು ಪಾಲಿಷ್‌ನಲ್ಲಿ ಅಳಿಸಿ ಹೋಗುತ್ತದೆ. ಬೋಲ್ಟುಗಳನ್ನು ಒಂದೆರಡು ಹೆಚ್ಚಿಗೆ ಇಟ್ಟು, ಸ್ಪ್ಯಾನರ್ ಸಮೇತ ಬಟ್ಟೆ ಚೀಲದಲ್ಲಿ ಕಟ್ಟಿ ಹಲಗೆಗೇ ಬಿಗಿಯಿರಿ. ಅಮೆರಿಕದ ಅಂಗಡಿಯಲ್ಲಿ ಇಂಚಿನ ಅಳತೆಯ ಬೋಲ್ಟೇ ಮೊದಲು ಸಿಗುವುದು, ಮಿ.ಮೀ. ಅಳತೆಯದು ಹುಡುಕಬೇಕಾಗುತ್ತದೆ.

ಮರದ ತೇವವನ್ನು ವಿಚಾರಿಸುವವರು ಕಡಿಮೆ, ಹೆಚ್ಚು ಅಳುವುದು ಮಾತ್ರ ಅದಕ್ಕೇ. ಬೆಂಗಳೂರಿನ ಹವೆಯಲ್ಲಿ ಒಣಗಿದ ಮರದಲ್ಲಿ ಶೇ 12ರ ಆಸುಪಾಸು ತೇವ ಉಳಿದಿರುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಯೊಳಗೆ ಅದು ಶೇ 6ರಿಂದ 8ಕ್ಕೆ ಇಳಿಯುತ್ತದೆ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಲ್ಲ. ಎರಡು ಹಲಗೆ ಕೂಡಿಸಿ ಅಡಿಯಲ್ಲಿ ಅಡ್ಡಪಟ್ಟಿಗೆ ಬಿಗಿಯಾಗಿ ಮೊಳೆ ಹೊಡೆದಿದ್ದರೆ ಕುಗ್ಗಲು ದಾರಿ ಇರುವುದಿಲ್ಲ, ಮೊದಲ ಚಳಿಗಾಲದಲ್ಲೇ ನಡುಮಧ್ಯೆ ಬಿರುಕು. ಅಡ್ಡಪಟ್ಟಿಯ ತೂತು ದುಂಡಗಿರದೆ ಉದ್ದುದ್ದ ಇದ್ದು, ವಾಷರ್ ಹಾಕಿ ಸ್ಕ್ರೂ ಬಿಗಿದರೆ ಹಲಗೆ ಸರಿದಾಡಿಕೊಳ್ಳುತ್ತದೆ. ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಒಣಗಿಸಿ ಶೇ 10ಕ್ಕಿಂತ ಕೆಳಗೆ ತಂದ ಮರವನ್ನೇ ಕೇಳಿ, ತೇವ ಅಳೆಯುವ ಮೀಟರ್ ಇಟ್ಟು ತೋರಿಸಲಿ.

ಪಾಲಿಷ್ ಆದ ಮೇಲೆ ಕನಿಷ್ಠ ಹತ್ತು ದಿನ ಗಾಳಿಗೆ ಬಿಡಿ. ನಿನ್ನೆ ಪಾಲಿಷ್ ಮಾಡಿದ ಹಲಗೆಗೆ ಇವತ್ತು ನೇರವಾಗಿ ಬಬಲ್ ಶೀಟ್ ಸುತ್ತಿದರೆ, ಬಿಸಿ ಕಂಟೇನರಿನಲ್ಲಿ ಆ ಗುಳ್ಳೆಗಳು ಪಾಲಿಷ್‌ಗೆ ಒತ್ತಿಕೊಂಡು ಪೆಟ್ಟಿಗೆ ತೆರೆದಾಗ ಮೈತುಂಬ ಸಾಲು ಸಾಲು ದುಂಡು ಗುರುತು ಕಾಣುತ್ತದೆ. ಮೊದಲು ಹತ್ತಿ ಬಟ್ಟೆ ಅಥವಾ ತೆಳು ಫೋಮ್, ಅದರ ಮೇಲೆ ಬಬಲ್. ಹಿತ್ತಾಳೆ ಸರಪಳಿ ಬೇರೆಯೇ ಪೆಟ್ಟಿಗೆಗೆ ಹೋಗಲಿ. ಸಡಿಲವಾಗಿ ಹಲಗೆ ಮೇಲಿಟ್ಟ ಸರಪಳಿ ಎರಡು ತಿಂಗಳ ಅಲುಗಾಟದಲ್ಲಿ ಉಳಿಯಂತೆ ಕೆರೆಯುತ್ತದೆ. ಕಂಟೇನರಿನೊಳಗೆ ರಾತ್ರಿಯ ತಂಪಿಗೆ ನೀರು ಹನಿಯಾಗಿ ತೊಟ್ಟಿಕ್ಕುವುದುಂಟು, ತೇವ ಹೀರುವ ಪೊಟ್ಟಣಗಳನ್ನು ಒಳಗೆ ಹಾಕಿ. ಸಂದಿಗೆ ಒಣಹುಲ್ಲು ತುರುಕುವುದು ನಮ್ಮ ಹಳೆಯ ರೂಢಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಹುಲ್ಲು ಕಂಡರೆ ಸರಕು ಅಲ್ಲೇ ನಿಲ್ಲುತ್ತದೆ. ಹಣ್ಣು, ಮೊಟ್ಟೆ ಬಂದ ಹಳೆ ರಟ್ಟಿನ ಪೆಟ್ಟಿಗೆಗೂ ಇದೇ ಗತಿ.

ಹೊರಪೆಟ್ಟಿಗೆಯ ಮರದ ಬಗ್ಗೆ ತಪ್ಪು ತಿಳಿವಳಿಕೆ ಇದೆ. ಕೀಟ ಹರಡದಂತೆ ತಡೆಯುವ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮ ಉಯ್ಯಾಲೆಗಲ್ಲ, ಅದನ್ನು ತುಂಬುವ ಕೊಯ್ದ ಮರದ ಪೆಟ್ಟಿಗೆಗೆ ಅನ್ವಯಿಸುತ್ತದೆ. ಆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಕಾದಿರಬೇಕು ಅಥವಾ ಧೂಮೀಕರಣ ಆಗಿರಬೇಕು, ತೆನೆಯ ಗುರುತಿನ ಮುದ್ರೆ ಬಿದ್ದಿರಬೇಕು. ಭಾರತದ್ದಕ್ಕೆ ‘ಐಎನ್’, ಕಾಯಿಸಿದ್ದಕ್ಕೆ ‘ಎಚ್‌ಟಿ’ ಎಂದು ಇರುತ್ತದೆ. ಪ್ಲೈವುಡ್‌ಗೆ ಈ ಮುದ್ರೆ ಬೇಕಿಲ್ಲ. ಆದರೆ ಪ್ಲೈವುಡ್ ಪೆಟ್ಟಿಗೆಯ ಅಡಿಗೆ ಬಡಿದ ಸಿಲ್ವರ್ ಓಕ್ ಪಟ್ಟಿಗೆ ಬೇಕು. ಎಡವುವುದು ಇಲ್ಲೇ. ಆ ಅಡಿಪಟ್ಟಿ ಇಲ್ಲದೆಯೂ ಆಗದು. ಬೆಂಗಳೂರಿನಿಂದ ಹೊರಟ ಸರಕು ಹೆಚ್ಚಾಗಿ ಚೆನ್ನೈಗೆ ಹೋಗಿ, ಅಲ್ಲಿಂದ ಕೊಲಂಬೊದಲ್ಲೋ ಸಿಂಗಪುರದಲ್ಲೋ ಹಡಗು ಬದಲಿಸುತ್ತದೆ. ದಾರಿಯುದ್ದಕ್ಕೂ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ ಎತ್ತಿಳಿಸುತ್ತದೆ. ಅಡಿಯಲ್ಲಿ 10 ಸೆಂ.ಮೀ. ಸಂದಿ ಇಲ್ಲದಿದ್ದರೆ ಅದರ ಕಬ್ಬಿಣದ ತೋಳು ಪೆಟ್ಟಿಗೆಯನ್ನೇ ತಿವಿಯುತ್ತದೆ.

ಇನ್ನು ಮುಖ್ಯ ವಿಷಯ, ಆಚೆ ದಡದ ಬಿಲ್ಲು. ಎಲ್‌ಸಿಎಲ್ ವ್ಯಾಪಾರದಲ್ಲಿ ಇಲ್ಲಿನ ಏಜೆಂಟರು ಸಮುದ್ರದ ಬಾಡಿಗೆಯನ್ನು ತೀರಾ ಕಡಿಮೆ, ಕೆಲವೊಮ್ಮೆ ಸೊನ್ನೆ ಎಂದೂ ತೋರಿಸುವುದುಂಟು. ಅದು ಹೇಗೆ ಗಿಟ್ಟುತ್ತದೆಂದರೆ, ಸರಕು ಇಳಿಯುವ ಕಡೆಯ ಏಜೆಂಟ್ ಪಡೆಯುವವರಿಂದ ಹೆಚ್ಚು ವಸೂಲಿ ಮಾಡಿ ಅದರಲ್ಲೊಂದು ಪಾಲನ್ನು ಇತ್ತ ಕಳಿಸುತ್ತಾನೆ. ಟರ್ಮಿನಲ್ ಶುಲ್ಕ, ಕಂಟೇನರ್ ಖಾಲಿ ಮಾಡಿದ ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ, ಕಸ್ಟಮ್ಸ್ ಬ್ರೋಕರ್ ಶುಲ್ಕ, ಆಮೇಲೆ ಲಾರಿ. ಲಾರಿಯಲ್ಲೂ ಮನೆಬಾಗಿಲ ಡೆಲಿವರಿಗೆ ಒಂದು, ಸಾಮಾನು ಇಳಿಸುವ ಲಿಫ್ಟ್‌ಗೇಟ್‌ಗೆ ಇನ್ನೊಂದು. ಲಿಫ್ಟ್‌ಗೇಟ್ ಕೇಳದಿದ್ದರೆ ಚಾಲಕ ಲಾರಿಯ ಬಾಗಿಲು ತೆರೆದು ನಿಲ್ಲುತ್ತಾನೆ, ಇಳಿಸುವುದು ಅವನ ಕೆಲಸವಲ್ಲ. ‘ಬಂದರಿನವರೆಗೆ’ ಎಂದು ಕೊಟ್ಟ ಕೊಟೇಶನ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ‘ಡಿಎಪಿ (ಹೇಳಿದ ಜಾಗಕ್ಕೆ ತಲುಪಿಸುವ ಷರತ್ತು), ಮನೆಬಾಗಿಲವರೆಗೆ, ಸುಂಕ ಮತ್ತು ಕಸ್ಟಮ್ಸ್ ತಪಾಸಣೆ ಬಿಟ್ಟು ಆಚೆ ಕಡೆಯ ಎಲ್ಲ ಶುಲ್ಕ ಸೇರಿ’ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಹತ್ತಿರ ವ್ಯವಹಾರವೇ ಬೇಡ. ಮೂವರ ಹತ್ತಿರ ಹೀಗೆ ಬರೆಸಿ ಹೋಲಿಸಿದರೆ, ಮೊದಲು ದುಬಾರಿ ಎನಿಸಿದ್ದೇ ಅಗ್ಗವಾಗಿ ಕಾಣುವುದು ಹೆಚ್ಚು.

ಗೋದಾಮಿನಲ್ಲಿ ಉಚಿತವಾಗಿ ಇಡುವುದು ಕೆಲವೇ ದಿನ, ಆಮೇಲೆ ದಿನಬಾಡಿಗೆ ಏರುತ್ತದೆ. ತಡವಾಗಲು ಬಹಳ ಸಲ ಕಾರಣ ಮೂಲ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಪಡೆದದ್ದಕ್ಕೆ ಸಾಗಣೆಯವರು ಕೊಡುವ ರಸೀದಿ ಪತ್ರ. ಆ ಕಾಗದ ಇಲ್ಲೇ ತಂದೆಯ ಬೀರುವಿನಲ್ಲಿರುತ್ತದೆ, ಅಲ್ಲಿ ಮಗಳು ಅದಿಲ್ಲದೆ ಸರಕು ಬಿಡಿಸಲಾರಳು. ಮನೆಯವರ ನಡುವಿನ ಸಾಗಣೆಗೆ ಮೂಲಪ್ರತಿ ಕೇಳದ ಸೀ ವೇಬಿಲ್ ಅಥವಾ ‘ಟೆಲೆಕ್ಸ್ ರಿಲೀಸ್’ ಮಾಡಿಸಿ. ಪಡೆಯುವವರ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ಇನಿಷಿಯಲ್ ಹಿಂದೆಮುಂದೆ ಆದರೂ ತಿದ್ದುಪಡಿಗೆ ಹಣ, ಕಾಲ ಎರಡೂ ಹೋಗುತ್ತದೆ. ಅಮೆರಿಕಕ್ಕೆ ಹೋಗುವ ಸರಕಿನ ವಿವರವನ್ನು ಹಡಗಿಗೆ ಏರಿಸುವ 24 ಗಂಟೆ ಮೊದಲೇ ಅಲ್ಲಿನ ಕಸ್ಟಮ್ಸ್‌ಗೆ ಸಲ್ಲಿಸಿರಬೇಕು. ಅದಕ್ಕೆ ಐಎಸ್‌ಎಫ್ ಎನ್ನುತ್ತಾರೆ, ತಪ್ಪಿದರೆ 5,000 ಡಾಲರ್‌ವರೆಗೆ ದಂಡ. ಸಲ್ಲಿಸುವುದು ಯಾರ ಜವಾಬ್ದಾರಿ ಎಂಬುದನ್ನೂ ಅದೇ ಕೊಟೇಶನ್‌ನಲ್ಲಿ ಬರೆಸಿ. 800 ಡಾಲರ್ ಒಳಗಿದ್ದರೆ ಅಮೆರಿಕದಲ್ಲಿ ಸುಂಕವಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿದೆ. ಸುಂಕ ಉಳಿಸಲು ಬೆಲೆ ಕಡಿಮೆ ಬರೆಸುವುದಂತೂ ಬೇಡವೇ ಬೇಡ, ಅದು ಅಪರಾಧ. ಪೆಟ್ಟಿಗೆ ಒಡೆದರೆ ವಿಮೆ ಕೊಡುವವರೂ ಆ ಕಡಿಮೆ ಬೆಲೆಯನ್ನೇ ಎತ್ತಿ ತೋರಿಸುತ್ತಾರೆ. ಮನೆಯವರೇ ಪ್ಯಾಕ್ ಮಾಡಿದ ಸಾಮಾನಿನ ಒಡಕಿಗೆ ಹಲವು ವಿಮೆಗಳಲ್ಲಿ ಪರಿಹಾರವಿಲ್ಲ ಎಂಬುದೂ ನೆನಪಿರಲಿ.

ಸ್ಟ್ಯಾಂಡ್ ಬೇಡ, ಹಲಗೆ ಸರಪಳಿ ಸಾಕು ಎನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿ ಇದೆ. ಅನೇಕ ವಿಮಾನ ಸಂಸ್ಥೆಗಳು ಒಂದು ಲಗೇಜಿನ ಮೂರೂ ಅಳತೆ ಕೂಡಿಸಿ 158 ಸೆಂ.ಮೀ., ತೂಕ 23 ಕಿಲೋ ಒಳಗಿದ್ದರೆ ಸಾಮಾನ್ಯ ಬ್ಯಾಗೇಜ್ ಎಂದೇ ಒಪ್ಪುತ್ತವೆ. 110 × 60 ಸೆಂ.ಮೀ. ಹಲಗೆಯನ್ನು ಉದ್ದಕ್ಕೆ ಎರಡು ಭಾಗವಾಗಿ ಮಾಡಿಸಿ, ಅಡಿಯಲ್ಲಿ ಬೋಲ್ಟ್ ಹಾಕಿ ಕೂಡುವಂತೆ ಇಟ್ಟರೆ ಒಂದೊಂದು ಭಾಗ 110 × 30 × 5 ಸೆಂ.ಮೀ., ತೂಕ ಸುಮಾರು 11 ಕಿಲೋ. ಪ್ಯಾಕಿಂಗ್ ಸೇರಿ 154 ಸೆಂ.ಮೀ. ದಾಟುವುದಿಲ್ಲ. ಸರಪಳಿಯನ್ನು ಇನ್ನೆರಡು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಹಂಚಿಡಿ. ಅಮೆರಿಕದ ಮನೆಗಳ ಸೂರು ಹೆಚ್ಚಾಗಿ ಜಿಪ್ಸಮ್ ಹಲಗೆಯದು, ಕೊಕ್ಕೆಯನ್ನು ಅದರ ಹಿಂದಿನ ಮರದ ತೊಲೆಗೇ ಹಾಕಿಸಬೇಕು. ಜಿಪ್ಸಮ್‌ಗೆ ಸಿಕ್ಕಿಸಿದ ಕೊಕ್ಕೆ ಆಳಿನ ಭಾರ ತಡೆಯದು.

ಕೊನೆಯದಾಗಿ, ಹೊಸದು ಮಾಡಿಸದೆ ಊರಿನ ತೊಟ್ಟಿಮನೆ ಕೆಡವುವಾಗ ಉಳಿಸಿಕೊಂಡ ಉಯ್ಯಾಲೆ, ಕೆತ್ತನೆಯ ಬಾಗಿಲುವಾಡ ಕಳಿಸಲು ಹೊರಟವರಿಗೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕೆತ್ತನೆ ಮತ್ತು ಕರಕುಶಲ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಳೆಯದಾಗಿ ಕಾಣುವ ವಸ್ತುವಿಗೆ ‘ಇದು ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕು. ಮರ ಬೀಟೆಯದಾಗಿದ್ದರೆ ಇನ್ನೊಂದು ಗಂಟು. ಅದು ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಬೀಟೆಯ ತೂಕ 10 ಕಿಲೋ ಮೀರಿದರೆ ಅದಕ್ಕೆ ತಕ್ಕ ಪತ್ರವಿಲ್ಲದೆ ಬಂದರು ದಾಟಿಸುವಂತಿಲ್ಲ. ತೇಗಕ್ಕೆ ಈ ತೊಡಕಿಲ್ಲ. ಕಾರ್ಖಾನೆಯಿಂದ ಸಾಮಾನು ಹೊರಡುವ ಮೊದಲು ಬಿಲ್ಲಿನಲ್ಲಿ ಬರೀ ‘ಮರದ ಉಯ್ಯಾಲೆ’ ಎಂದಿರದೆ ಮರದ ಹೆಸರು, ತೂಕ, ಮಾಡಿದ ವರ್ಷ ಸ್ಪಷ್ಟವಾಗಿ ಬರೆದಿದೆಯೇ ನೋಡಿಕೊಳ್ಳಿ. ಕಸ್ಟಮ್ಸ್ ಅಧಿಕಾರಿ ಮೊದಲು ಕೇಳುವುದು ಆ ಬಿಲ್ಲನ್ನೇ.

– ಸರಕು ಸಾಗಣೆ ವೃತ್ತಿಯಲ್ಲಿರುವ ಓದುಗರು, ಬೆಂಗಳೂರು