ಉಗುರು ಹೋದ ಹೆಬ್ಬೆರಳು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋಟೊ ನೋಡಿದೆ. ಕಾಲಿನ ಹೆಬ್ಬೆರಳಿನ ಉಗುರು ಮುಕ್ಕಾಲುಪಾಲು ಎದ್ದಿದೆ, ಒಂದು ಮೂಲೆಯಲ್ಲಷ್ಟೇ ಹಿಡಿದುಕೊಂಡಿದೆ. ಆ ಮೂಲೆಯನ್ನು ಮಾತ್ರ ಎಳೆದು ಕೀಳಬೇಡ. ಉಗುರಿನ ತಳದಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ, ಕೆಳಗಿನ ಹಾಸಿನಲ್ಲೂ, ಅಂದರೆ ಉಗುರಿನಡಿಯ ಮೆದು ಚರ್ಮದಲ್ಲೂ, ಅಂಥವೇ ಇರುತ್ತವೆ. ಎರಡೂ ಒಂದರೊಳಗೊಂದು ಕೂತಿರುತ್ತವೆ. ಎಳೆದರೆ ಹಾಸೂ ಹರಿದು ಬರುತ್ತದೆ. ಚಿಕ್ಕ ಕತ್ತರಿಯನ್ನು ಸೋಪುನೀರಿನಲ್ಲಿ ತೊಳೆದು, ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಸಡಿಲವಾಗಿ ಅಲ್ಲಾಡುವ ಭಾಗವನ್ನಷ್ಟೇ ಕತ್ತರಿಸು. ನೋವಾಯಿತೆಂದರೆ ಅಂಟಿರುವ ಜಾಗಕ್ಕೆ ಬಂದಿದ್ದೀಯ, ಅಲ್ಲೇ ನಿಲ್ಲಿಸು. ಉಳಿದ ಚೂರನ್ನು ಹೊಸ ಉಗುರು ತಾನೇ ತಳ್ಳಿ ಹಾಕುತ್ತದೆ. ಅಲ್ಲಿಯವರೆಗೆ ಸಾಕ್ಸಿಗೆ ಸಿಕ್ಕಿಕೊಳ್ಳದಂತೆ ಮೇಲೊಂದು ಟೇಪು ಇರಲಿ.

ಇದೆಲ್ಲ ಮನೆಯಲ್ಲಿ ಮಾಡಬಹುದಾದದ್ದು. ಆದರೆ ಬೆರಳು ಸೊಟ್ಟಗಾಗಿದ್ದರೆ, ಊರಿ ನಿಲ್ಲಲಾಗದಿದ್ದರೆ, ಹಾಸಿನ ಮೇಲೆ ಆಳವಾದ ಸೀಳಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗು. ಮೂಳೆ ಬಿರುಕು ಬಿಟ್ಟಿದ್ದರೆ ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಹಾಸಿನ ಸೀಳಿಗೆ ಹೊಲಿಗೆ ಹಾಕದಿದ್ದರೆ ಮುಂದೆ ಬರುವ ಉಗುರು ಎರಡು ಹೋಳಾಗಿಯೇ ಬೆಳೆಯಬಹುದು. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತೆಂದು ನೆನಪಿಸಿಕೊ. ಗಾಯಕ್ಕೆ ಮಣ್ಣು, ಕೊಳೆ ತಾಗಿದ್ದರೆ 5 ವರ್ಷದ ಹಿಂದಿನದು ಹಳೆಯದಾಯಿತು. ಗಾಯ ಚೊಕ್ಕವಾಗಿದ್ದರೆ 10 ವರ್ಷದವರೆಗೆ ನಡೆಯುತ್ತದೆ.

ಇನ್ನು ಡ್ರೆಸಿಂಗ್. ಎಲ್ಲರೂ ಎಡವುವುದು ಇಲ್ಲೇ. ಒಣ ಹತ್ತಿಯನ್ನೋ ಬರೀ ಗಾಜ್ ಬಟ್ಟೆಯನ್ನೋ ನೇರವಾಗಿ ಹಾಸಿನ ಮೇಲಿಟ್ಟರೆ ಅದು ರಸ ಹೀರಿ ಒಣಗಿ, ಗಾಯಕ್ಕೇ ಅಂಟಿಕೊಳ್ಳುತ್ತದೆ. ಮಾರನೆಯ ದಿನ ಬಿಚ್ಚುವಾಗ ರಾತ್ರಿಯೆಲ್ಲ ಕೂಡಿದ ಹೊಸ ಚರ್ಮ ಅದರ ಜೊತೆಗೇ ಕಿತ್ತು ಬರುತ್ತದೆ. ಹಾಗಾಗಿ ಹರಿಯುವ ನೀರು, ಮೆದು ಸೋಪಿನಿಂದ ತೊಳೆದು, ತಟ್ಟಿ ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಸವರು. ಮೇಲೆ ಅಂಟದ ಜಾತಿಯ ಡ್ರೆಸಿಂಗ್ ಪ್ಯಾಡ್, ಅದರ ಮೇಲೆ ಟೇಪು. ಟೇಪನ್ನು ಬೆರಳಿನ ಸುತ್ತ ಬಿಗಿಯಾಗಿ ಸುತ್ತಬೇಡ, ಬೆರಳು ಊದಿದಾಗ ರಕ್ತ ಓಡಾಡಲು ಜಾಗ ಬೇಕು. ತುದಿ ಬಿಳುಚಿದರೆ ಅಥವಾ ಜೋಮು ಹಿಡಿದರೆ ಬಿಗಿಯಾಗಿದೆ ಎಂದರ್ಥ. ದಿನಕ್ಕೊಮ್ಮೆ ಬದಲಿಸು, ಒದ್ದೆಯಾದರೆ ಆಗಲೇ ಬದಲಿಸು. ಅಷ್ಟಾಗಿಯೂ ಅಂಟಿಕೊಂಡರೆ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು ಕೂತುಕೊ, ತಾನಾಗಿ ಬಿಡುತ್ತದೆ.

ಮೊದಲ ಎರಡು ಮೂರು ದಿನ 1 ಲೀಟರ್ ಬೆಚ್ಚಗಿನ ನೀರಿಗೆ 1 ಟೀ ಚಮಚ ಉಪ್ಪು ಹಾಕಿ, ದಿನಕ್ಕೆ ಎರಡು ಸಲ, 20 ನಿಮಿಷ ಕಾಲು ಅದ್ದಿದರೆ ಹಿತವಾಗುತ್ತದೆ. ಅದಕ್ಕಿಂತ ಹೆಚ್ಚು ನೆನೆಸಿದರೆ ಅಂಚಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತದೆ. ಸ್ಪಿರಿಟ್ ಇರುವುದು ಕತ್ತರಿಗೆ, ಗಾಯಕ್ಕಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ನೊರೆ ಬಂದಾಗ ಏನೋ ಚೊಕ್ಕವಾಗುತ್ತಿದೆ ಅನ್ನಿಸುತ್ತದೆ, ಆದರೆ ಎರಡೂ ಕೂಡುತ್ತಿರುವ ಹೊಸ ಚರ್ಮವನ್ನೇ ಸುಡುತ್ತವೆ. ರಾತ್ರಿ ಬೆರಳು ತಟತಟ ಮಿಡಿದರೆ ಕಾಲನ್ನು ಎರಡು ದಿಂಬಿನ ಮೇಲಿಡು, ಎದೆಯ ಮಟ್ಟಕ್ಕಿಂತ ಮೇಲಿರಬೇಕು.

ಏಳರಿಂದ ಹತ್ತು ದಿನದಲ್ಲಿ ಹಾಸು ಒಣಗಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಚುರುಕ್ ಅನ್ನುವುದು ನಿಲ್ಲುತ್ತದೆ. ಆಗ ಡ್ರೆಸಿಂಗ್ ಬಿಡಬಹುದು. ಅಷ್ಟರೊಳಗೆ ತಿಳಿಯಾದ, ನಸು ಹಳದಿ ನೀರು ಒಸರುವುದು ಸಹಜ. ಕೀವು ಹಾಗಲ್ಲ, ಅದು ಮಂದವಾಗಿ, ಬೂದಿಬಣ್ಣ ಅಥವಾ ಹಸಿರು ಹಳದಿಯಾಗಿ, ವಾಸನೆಯಿಂದ ಕೂಡಿರುತ್ತದೆ. ಮೂರನೆಯ ದಿನಕ್ಕೆ ನೋವು ಇಳಿಯುವ ಬದಲು ಏರಿದರೆ, ಬೆರಳು ಬಿಸಿಯಾಗಿ ಕೆಂಪು ಪಾದದತ್ತ ಹಬ್ಬಿದರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಡಾಕ್ಟರಿಗೆ ತೋರಿಸು. ಸಕ್ಕರೆ ಕಾಯಿಲೆ ಇರುವವರು ಇಷ್ಟು ಕಾಯಲೂಬಾರದು.

ಹೊಸ ಉಗುರು ಹುಟ್ಟುವುದು ನೀನು ನೋಡುತ್ತಿರುವ ಹಾಸಿನಿಂದಲ್ಲ, ಅದರ ಹಿಂದೆ ಚರ್ಮದ ಮಡಿಕೆಯಡಿ ಅಡಗಿರುವ ಬುಡದಿಂದ. ಆ ಬುಡಕ್ಕೆ ಪೆಟ್ಟಾಗಿರದಿದ್ದರೆ ಉಗುರು ಬಂದೇ ಬರುತ್ತದೆ, ಆದರೆ ನಿಧಾನ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧ. ಹೆಬ್ಬೆರಳಿಗೆ 12ರಿಂದ 18 ತಿಂಗಳು ಬೇಕು. ಮೊದಲ ಒಂದೆರಡು ತಿಂಗಳು ಏನೂ ಕಾಣದಿದ್ದರೆ ಗಾಬರಿಯಾಗಬೇಡ, ಮಡಿಕೆಯನ್ನು ಹಿಂದೆ ತಳ್ಳಿ ಇಣುಕಿಯೂ ನೋಡಬೇಡ. ಮೊದಲು ಬರುವ ಉಗುರು ತೆಳ್ಳಗೆ, ಅಡ್ಡ ಗೀರಿನೊಂದಿಗೆ ಇರಬಹುದು. ಆ ಗೀರು ಪೆಟ್ಟಿನ ಗುರುತು, ಬೆಳೆಯುತ್ತ ಮುಂದೆ ಸರಿದು ಹೋಗುತ್ತದೆ. ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆಗೆ ದುಡ್ಡು ಸುರಿಯಬೇಡ.

ನಿಜವಾದ ತೊಂದರೆ ಹೆಚ್ಚಾಗಿ ಅರ್ಧ ದಾರಿ ದಾಟಿದ ಮೇಲೆ, ಎಲ್ಲರೂ ಬೆರಳನ್ನು ಮರೆತ ಹೊತ್ತಿಗೆ ಬರುತ್ತದೆ. ನಡೆಯುವಾಗ ನೆಲ ಬೆರಳತುದಿಯ ಮಾಂಸವನ್ನು ಮೇಲಕ್ಕೆ ಒತ್ತುತ್ತದೆ, ಅದನ್ನು ತಡೆದು ಹಿಡಿಯುವುದು ಉಗುರು. ಉಗುರಿಲ್ಲದ ಆ ತಿಂಗಳುಗಳಲ್ಲಿ ತುದಿ ಉಬ್ಬಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಹೊಸ ಉಗುರು ಅದಕ್ಕೆ ಡಿಕ್ಕಿ ಹೊಡೆದು ದಪ್ಪಗಾಗುತ್ತದೆ, ಇಲ್ಲವೇ ಮಾಂಸದೊಳಗೇ ನುಗ್ಗುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ದಿನವೂ ಸ್ನಾನವಾದ ತಕ್ಷಣ, ಚರ್ಮ ಮೆತ್ತಗಿರುವಾಗ, ಆ ಉಬ್ಬನ್ನು ಕೈ ಹೆಬ್ಬೆರಳಿನಿಂದ ಕೆಳಕ್ಕೆ, ಅಂಗಾಲಿನ ಕಡೆಗೆ ಒತ್ತಿ ಕೆಲವು ನಿಮಿಷ ತೀಡು. ಉಗುರು ತುದಿ ತಲುಪಿದ ಮೇಲೆ ನೇರವಾಗಿ ಕತ್ತರಿಸು. ಮೂಲೆಗಳನ್ನು ದುಂಡಗೆ ಕೊರೆದರೆ ಅಲ್ಲುಳಿದ ಮುಳ್ಳಿನಂಥ ಚೂರೇ ಒಳಗೆ ಚುಚ್ಚುತ್ತದೆ.

ಶೂ ಕೊಳ್ಳುವುದಾದರೆ ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳು. ಅತಿ ಉದ್ದದ ಬೆರಳಿನ ಮುಂದೆ ಕೈಯ ಒಂದು ಹೆಬ್ಬೆರಳಿನ ಅಗಲ ಜಾಗ ಬಿಡು, ಲೇಸನ್ನು ಮೇಲಿನ ತೂತಿನವರೆಗೂ ಕಟ್ಟು. ಕಟ್ಟದಿದ್ದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಪ್ರತಿ ಹೆಜ್ಜೆಗೂ ಉಗುರಿಗೆ ಗುದ್ದು ಬೀಳುತ್ತದೆ.

ತಿಂಗಳಿಗೊಮ್ಮೆ ಬೆರಳಿನ ಪಕ್ಕ ಸ್ಕೇಲು ಇಟ್ಟು ಒಂದೇ ಕೋನದಲ್ಲಿ ಫೋಟೊ ತೆಗೆದುಕೊ. ಹೊಸ ಉಗುರಿನಲ್ಲಿ ಕಪ್ಪು ಕಲೆಯಿದ್ದರೆ ಅದು ಉಗುರಿನ ಜೊತೆ ಮುಂದೆ ಸರಿಯುತ್ತಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. ಸರಿದರೆ ಅದು ಹೆಚ್ಚಾಗಿ ಹೆಪ್ಪುಗಟ್ಟಿದ ರಕ್ತ. ನಿಂತಲ್ಲೇ ನಿಂತರೆ, ಅಗಲವಾದರೆ, ಚರ್ಮದ ವೈದ್ಯರಿಗೆ ತೋರಿಸಬೇಕು. ಮೊದಲ ಫೋಟೊ ಇವತ್ತು ರಾತ್ರಿ ಡ್ರೆಸಿಂಗ್ ಬದಲಿಸುವಾಗಲೇ ತೆಗೆದು ನನಗೂ ಕಳಿಸು.

ನಿನ್ನ
ಅಮ್ಮ